ಕಲಸಿದ ಕೆಮ್ಮಣ್ಣು

ಓಡುವುದಕ್ಕೂ ಅಲ್ಲಾಡದೆ ನಿಲ್ಲುವುದಕ್ಕೂ ಒಂದೇ ಪದ ಇಟ್ಟುಕೊಂಡಿರುವ ಜನರ ಭಾಷೆಯನ್ನು ಕಲಿಸಿಯೇ ನಾನು ಜೀವಮಾನವಿಡೀ ಅನ್ನ ತಿಂದೆ. ಫಾಸ್ಟ್ ಅಂದರೆ ವೇಗದ್ದು. ಫಾಸ್ಟ್ ಅಂದರೆ ಬಿಗಿಯಾಗಿ ಹಿಡಿದದ್ದು, ಬಿಡದೆ ನಿಂತದ್ದು. ಎರಡೂ ವಿಶೇಷಣವೇ. ಫಾಸ್ಟ್ ರೈಲು ಓಡಿಹೋಗುತ್ತದೆ, ಫಾಸ್ಟ್ ಬಣ್ಣ ಎಷ್ಟು ಒಗೆದರೂ ಹೋಗುವುದಿಲ್ಲ. ಇಂಗ್ಲಿಷರಿಗೆ ಪದಗಳಿಗೂ ಬರ ಬಂದಿತ್ತೇನೋ ಎಂದು ಆ ಪಾಠ ಬಂದಾಗಲೆಲ್ಲ ಬೈದುಕೊಳ್ಳುತ್ತಿದ್ದೆ. ಬೈಯುತ್ತ ಬೈಯುತ್ತಲೇ ಶೇಷಮ್ಮನ ನೆನಪಾಗುತ್ತಿತ್ತು. ಈಗ ನನಗೆ ಪಾಠವೂ ಇಲ್ಲ, ಶೇಷಮ್ಮನೂ ಇಲ್ಲ. ಆದರೂ ಭೂಮಿ ಹುಣ್ಣಿಮೆ ಹತ್ತಿರ ಬಂತೆಂದರೆ ಆಕೆ ಕರೆಯದೆಯೇ ಬಂದು ನನ್ನ ಮನಸ್ಸಿನ ಜಗಲಿಯ ಮೇಲೆ ಕೂರುತ್ತಾಳೆ.

ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮರುವರ್ಷ, ಅಂದರೆ ಅರವತ್ತೈದರಲ್ಲಿ, ಹೊಸನಗರ ತಾಲೂಕಿನ ಒಂದು ಮುಳುಗಡೆ ಕಾಲೊನಿಯ ಶಾಲೆಗೆ ನನಗೆ ಆರ್ಡರ್ ಬಂತು. ಶರಾವತಿಯ ಹಿನ್ನೀರಿನಲ್ಲಿ ಮನೆ, ಗದ್ದೆ ಕಳೆದುಕೊಂಡವರಿಗೆಂದು ಕಾಡು ಸವರಿ ಕೊಟ್ಟ ಜಾಗ ಅದು. ಶಾಲೆ ಎಂದರೆ ಒಂದು ಶೀಟಿನ ಶೆಡ್ಡು. ತೀರ್ಥಹಳ್ಳಿ ಕಡೆಯ ಗೌಡರ ಮನೆ ಹುಡುಗಿ, ಬಿ.ಎ. ಓದಿದವಳು, ಇಲ್ಲಿಗೆ ಹೋಗುತ್ತೇನೆಂದಾಗ ನಮ್ಮವ್ವ ತುಂಗಮ್ಮ ಊಟ ಬಿಟ್ಟು ಕೂತಳು. ಅವಳಿಗೆ ನನಗೊಂದು ಗಂಡು ಗೊತ್ತು ಮಾಡುವ ಆತುರ, ನನಗೆ ಅಲ್ಲಿಂದ ತಪ್ಪಿಸಿಕೊಳ್ಳುವ ಆತುರ. ಕಾಡಿನ ಶೆಡ್ಡೇ ವಾಸಿ ಅನ್ನಿಸಿತು, ಹೊರಟುಬಂದೆ.

ನನ್ನ ಬಿಡಾರದ ಪಕ್ಕದ ಮನೆಯೇ ಶೇಷಮ್ಮನದು. ದೀವರ ಜಾತಿಯವರ ಮನೆ. ಶೇಷಮ್ಮ, ಆಕೆಯ ಮಗ ಭೂತಪ್ಪ, ಸೊಸೆ, ಮೊಮ್ಮಗಳು ಕನ್ನಮ್ಮ, ಇಷ್ಟೇ ಜನ. ಇವರ ಹಳೆಯ ಊರು ಸಾಗರ ತಾಲೂಕಿನಲ್ಲಿ, ಬ್ಯಾಕೋಡಿನ ಕಡೆಗೆ, ಹೊಳೆಯ ಮಗ್ಗುಲಲ್ಲೇ ಇತ್ತಂತೆ. ನೀರು ಅಂಗಳಕ್ಕೆ ಬಂದ ಮೇಲೂ ಶೇಷಮ್ಮ ಹೊಸ್ತಿಲು ದಾಟಲಿಲ್ಲವಂತೆ. ಕೊನೆಗೆ ಭೂತಪ್ಪ ತಾಯಿಯನ್ನು ಎತ್ತಿಕೊಂಡೇ ಹೋಗಿ ದೋಣಿಯಲ್ಲಿ ಕೂರಿಸಿದನಂತೆ. ಬರುವಾಗ ಆಕೆ ಪಾತ್ರೆ ಪಗಡೆ ಯಾವುದನ್ನೂ ಕೇಳಲಿಲ್ಲ. ಮಡಿಲಲ್ಲಿ ಇಟ್ಟುಕೊಂಡದ್ದು ತನ್ನ ಭೂಮಣ್ಣಿ ಬುಟ್ಟಿ, ಮತ್ತು ಗದ್ದೆಯ ಮೇಲಿನ ದಿಬ್ಬದಿಂದ ಅಗೆದು ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದ ಒಂದು ಗಂಟು ಕೆಮ್ಮಣ್ಣು.

ಆ ಬುಟ್ಟಿಯ ವಿಷಯ ಹೇಳಬೇಕು. ಭತ್ತದ ತೆನೆ ಇನ್ನೂ ಹೊರಬರದೆ ಒಳಗೇ ಹೊಡೆ ತುಂಬಿ ನಿಂತಾಗ ಭೂಮಿ ಬಸುರಿ ಎಂದು ನಮ್ಮ ಸೀಮೆಯವರ ಲೆಕ್ಕ. ಬಸುರಿಗೆ ಬಯಕೆ ಊಟ ಹಾಕಬೇಕಲ್ಲ, ಅದೇ ಭೂಮಿ ಹುಣ್ಣಿಮೆ. ಬೆರಕೆ ಸೊಪ್ಪು, ಕಡುಬು, ಪಾಯಸ ಎಲ್ಲ ಮಾಡಿ ನಸುಕಿನಲ್ಲಿ ಗದ್ದೆಗೆ ಹೊತ್ತುಕೊಂಡು ಹೋಗುತ್ತಾರೆ. ನಮ್ಮ ಮನೆಯಲ್ಲಿ ಯಾವುದೋ ಒಂದು ಹೆಡಿಗೆಯಲ್ಲಿ ಹೊತ್ತು ಮುಗಿಸುತ್ತಿದ್ದರು. ದೀವರ ಹೆಂಗಸರದು ಹಾಗಲ್ಲ. ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಪುಂಡಿ ನಾರಿನ ಕುಂಚದಿಂದ ಚಿತ್ತಾರ ಬರೆಯುತ್ತಾರೆ. ಆ ಗೆರೆಗಳನ್ನು ನೋಡಿದರೆ ನನ್ನ ಕಾಪಿ ರೈಟಿಂಗಿಗೆ ನಾಚಿಕೆಯಾಗಬೇಕು.

ಆ ವರ್ಷ ಕಾಲೊನಿಯವರಿಗೆ ಹೊಸ ಗದ್ದೆಯ ಮೊದಲ ಬೆಳೆ. ವಿಜಯದಶಮಿ ಕಳೆದದ್ದೇ ಮನೆಮನೆಯಲ್ಲೂ ಬುಟ್ಟಿ ಇಳಿದವು. ಶೇಷಮ್ಮನ ಬುಟ್ಟಿ ಮಾತ್ರ ಮಾಡಿನ ಅಡ್ಡಪಟ್ಟಿಗೆ ಕವುಚಿ ನೇತುಹಾಕಿದ್ದು ಹಾಗೇ ಇತ್ತು. ಹಾಗೆಂದು ಆಕೆ ಸುಮ್ಮನೇನೂ ಕೂರಲಿಲ್ಲ. ಕಾಲೊನಿಗೆಲ್ಲ ಹಿರಿಯಳು, ಎಲ್ಲರ ಅಂಗಳಕ್ಕೂ ಹೋಗಿ ತಪ್ಪು ಹುಡುಕುವುದು ಆಕೆಯ ಹಕ್ಕು. ಪಕ್ಕದ ಗುತ್ಯಪ್ಪನ ಸೊಸೆ ಕೆಮ್ಮಣ್ಣು ಕಲಸಿಟ್ಟು ಕರು ಕೂಗಿತೆಂದು ಕೊಟ್ಟಿಗೆಗೆ ಹೋದದ್ದೇ ತಡ, ಶೇಷಮ್ಮನ ದನಿ ನನ್ನ ಬಿಡಾರದವರೆಗೂ ಕೇಳಿತು.

"ಕಲಸಿದ ಮಣ್ಣು ಬಿಟ್ಟು ಎಲ್ಲಿಗ್ ಹೊಂಟ್ಯೇ? ಕಲಸಿದ್ ಮೇಲೆ ಹೊತ್ತು ಮುಳುಗೋದ್ರೊಳಗೆ ಬುಟ್ಟಿಗೆ ಹಚ್ಚಬೇಕು. ಅದು ಹಂಗೇ ಒಣಗಿದ್ರೆ ಬಸುರಿ ಮುಂದೆ ಬಡಿಸಿದ ಎಲೆ ಎಳಕಂಡಂಗೆ. ನಿಮ್ಮವ್ವ ಹೇಳಿಲ್ವಾ?"

"ಇಲ್ಲ ಅಜ್ಜಿ" ಎಂದಿತು ಆ ಹುಡುಗಿ.

"ಹಂಗಾರೆ ನಾನು ಹೇಳಿದೀನಿ. ಕೂತ್ಕ."

ಊರಿಗೆಲ್ಲ ಬುದ್ಧಿ ಹೇಳುವ ಶೇಷಮ್ಮ ತನ್ನ ಮನೆಯಲ್ಲಿ ಮಾತ್ರ ಭೂಮಿ ಹುಣ್ಣಿಮೆ ಇಲ್ಲ ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು. ಅದು ಬರೀ ಹಬ್ಬದ ಮಾತಾಗಿದ್ದರೆ ನಾನು ತಲೆ ಹಾಕುತ್ತಿರಲಿಲ್ಲ. ಭೂತಪ್ಪ ಒಂದು ದಿನ ಬೇಲಿಯಾಚೆ ನಿಂತು ನನಗೆ ಹೇಳಿದ್ದ.

"ಅವ್ವ ಉಣ್ಣಿಸದ ಭೂಮಿನ ನಾನು ಉತ್ತು ಎಂತ ಮಾಡ್ಲಿ ಅಕ್ಕೋರೆ? ಅವಳಿಗೆ ಇದು ನಮ್ದು ಅನ್ನಿಸ್ತಾನೇ ಇಲ್ಲ. ಕೊಯ್ಲು ಮುಗಿಸಿ ಇದನ್ನ ಯಾರಿಗಾದ್ರೂ ಬಿಟ್ಟು ಬ್ಯಾಕೋಡಿನ ಕಡೆಗೇ ಹೋಗ್ತೀವಿ. ಅಲ್ಲಿ ಗುಡ್ಡದ ಮೇಲೆ ನಮ್ ನೆಂಟ್ರು ಅದಾರೆ. ಅವಳಿಗೆ ಆ ನೀರಾದ್ರೂ ಕಾಣ್ತದೆ."

"ಕನ್ನಮ್ಮ? ಅವಳ ಪರೀಕ್ಷೆ?" ಎಂದೆ.

ಆ ಗುಡ್ಡದ ಆಸುಪಾಸಿನಲ್ಲಿ ಶಾಲೆ ಇರಲಿಲ್ಲ.

ನನಗೆ ಉರಿದುಹೋಯಿತು. ಕನ್ನಮ್ಮ ಏಳನೇ ತರಗತಿ. ಆ ಕಾಲೊನಿಯ ಹೆಣ್ಣುಮಕ್ಕಳಲ್ಲಿ ಅಷ್ಟು ದೂರ ಬಂದವಳು ಅವಳೊಬ್ಬಳೇ. ಇಂಗ್ಲಿಷನ್ನು ನಾಲಿಗೆಯ ಮೇಲೆ ಬೆಲ್ಲ ಇಟ್ಟುಕೊಂಡವಳ ಹಾಗೆ ಆಡುತ್ತಿದ್ದಳು. ಪರೀಕ್ಷೆ ಪಾಸಾದರೆ ಹೊಸನಗರದ ಹೈಸ್ಕೂಲಿಗೆ ನಾನೇ ಕರೆದುಕೊಂಡು ಹೋಗಿ ಸೇರಿಸಬೇಕೆಂದು ಮನಸ್ಸಿನಲ್ಲೇ ಗುಣಾಕಾರ ಹಾಕಿಟ್ಟಿದ್ದೆ. ಆ ಮಗುವನ್ನು ಒಂದು ಮುದುಕಿಯ ಹಟಕ್ಕೆ ಗುಡ್ಡದ ಮೇಲೆ ಕೂರಿಸುವುದೇ?

ಅವತ್ತೇ ಸಂಜೆ ಶೇಷಮ್ಮನ ಜಗಲಿಗೆ ಹೋಗಿ ಕೂತೆ. ಸರ್ಕಾರ ಕೊಟ್ಟ ಭೂಮಿ, ಪೈರು ಬಂದಿದೆ, ಕಳೆದದ್ದು ಕಳೆಯಿತು, ಮಗುವಿನ ಓದು ಮುಖ್ಯ ಎಂದು ನನ್ನ ಬಿ.ಎ. ಬುದ್ಧಿಯನ್ನೆಲ್ಲ ಖರ್ಚು ಮಾಡಿದೆ. ಆಕೆ ಎಲೆಗೆ ಸುಣ್ಣ ಹಚ್ಚುತ್ತ ಕೇಳಿಸಿಕೊಂಡಳು. ಆಮೇಲೆ ಕೇಳಿದಳು.

"ಅಕ್ಕೋರೆ, ಬಿಡ್ತು ಅನ್ನಿ, ನಿಮ್ಮವ್ವ ನೀರಿಗೆ ಬಿದ್ದು ಸತ್ಲು ಅಂತ ಇಟ್ಕಳಿ. ಮಾರನೇ ವರ್ಷವೇ ನಿಮ್ಮಪ್ಪ ಇನ್ನೊಬ್ಬಳನ್ನ ಕರ್ಕಂಬಂದು, ಇವಳೂ ಬಸುರಿ, ಬಯಕೆ ಊಟ ಹಾಕು ಅಂದ್ರೆ, ನೀವು ಕಡುಬು ಬೇಯಿಸ್ತೀರಾ?"

ಮಾತಿನಲ್ಲಿ ಸೋತರೆ ನನಗೆ ಸಿಟ್ಟು ಬರುತ್ತದೆ, ಈಗಲೂ ಅಷ್ಟೇ. ಎದ್ದು ಬಂದೆ.

ದಸರಾ ರಜೆ ನಡೆಯುತ್ತಿತ್ತು. ಊರಿಗೆ ಹೋದರೆ ಅವ್ವ ಗೊತ್ತು ಮಾಡಿದ ಗಂಡಿನ ಮುಂದೆ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಲ್ಲಬೇಕಾಗುತ್ತದೆಂದು ನಾನು ಹೋಗಿರಲಿಲ್ಲ. ಏಳನೇ ತರಗತಿಯವರಿಗೆ ಶೆಡ್ಡಿನಲ್ಲಿ ಸ್ಪೆಷಲ್ ಕ್ಲಾಸು ಇಟ್ಟುಕೊಂಡಿದ್ದೆ. ಹುಣ್ಣಿಮೆಯ ಹಿಂದಿನ ದಿನ ಬೆಳಿಗ್ಗೆ ಬಂದ ಪಾಠವೇ ಈ ಫಾಸ್ಟ್.

"ಫಾಸ್ಟ್ ಅಂದ್ರೆ ಉಪವಾಸ ಟೀಚರ್" ಎಂದ ಜಟ್ಟಿಂಗಪ್ಪ ಎಂಬ ತುಂಟ.

"ಅದು ನಾಮಪದ. ನಿನಗೆ ಊಟದ್ದು ಬಿಟ್ಟು ಬೇರೆ ಯೋಚನೆ ಇಲ್ಲ, ಕೂತ್ಕೋ" ಎಂದು ಅವನನ್ನು ಕೂರಿಸಿದೆ.

ವೇಗದ ಅರ್ಥ ಮಕ್ಕಳಿಗೆ ಚಕ್ಕನೆ ಹೊಳೆಯಿತು. ಫಾಸ್ಟ್ ಬಸ್ಸು, ಫಾಸ್ಟ್ ಕುದುರೆ, ಫಾಸ್ಟ್ ಹೊಳೆ ಎಂದು ಒಬ್ಬರ ಮೇಲೊಬ್ಬರು ಕೂಗಿದರು. ಬಿಡದೆ ಹಿಡಿಯುವ ಅರ್ಥಕ್ಕೆ ಬಂದಾಗ ಮಂಕು ಬಡಿದವರಂತೆ ಕೂತರು. ಆಗ ನನ್ನ ಸೀರೆಯ ಕಥೆ ಹೇಳಿದೆ. ಸಾಗರದ ಅಂಗಡಿಯೊಂದರಲ್ಲಿ ಬಣ್ಣ ಗಟ್ಟಿ ಎಂದು ಆಣೆ ಮಾಡಿ ಕೊಟ್ಟ ಕೆಂಪು ಸೀರೆ, ಮೊದಲ ಒಗೆತದಲ್ಲೇ ನನ್ನ ಬಿಳಿ ರವಿಕೆಗಳನ್ನೆಲ್ಲ ಗುಲಾಬಿ ಮಾಡಿತ್ತು. "ಆ ಬಣ್ಣ ಫಾಸ್ಟ್ ಅಲ್ಲ. ಹೋಗದಿರುವ ಬಣ್ಣ ಫಾಸ್ಟ್. ನಾಳೆ ಹಬ್ಬ. ನಾಡಿದ್ದು ಬರುವಾಗ ಒಬ್ಬೊಬ್ಬರೂ ಒಂದು ಚಿಂದಿ ಬಟ್ಟೆಗೆ ಹೋಗದ ಬಣ್ಣ ಹಚ್ಚಿಕೊಂಡು ಬನ್ನಿ. ಬಾವಿಕಟ್ಟೆಯಲ್ಲಿ ಒಗೆದು ನೋಡೋಣ, ಯಾರದ್ದು ಫಾಸ್ಟ್ ಅಂತ" ಎಂದೆ. ಮಕ್ಕಳು ಹೋ ಎಂದು ಕೂಗಿಕೊಂಡು ಮನೆಗೆ ಓಡಿದವು.

ಹೊತ್ತು ಇಳಿಯುವ ಸಮಯಕ್ಕೆ ಪಕ್ಕದ ಮನೆಯಿಂದ ಕೂಗು ಕೇಳಿತು. ಅಂಥ ಕೂಗನ್ನು ನಾನು ಶೇಷಮ್ಮನ ಬಾಯಲ್ಲಿ ಕೇಳಿರಲಿಲ್ಲ. ಕೈಲಿದ್ದ ಅಕ್ಕಿ ಮೊರ ಕೆಳಗಿಟ್ಟು ಓಡಿದೆ.

ಅಂಗಳದ ನಡುವೆ ಮರದ ಮರಿಗೆ. ಮರಿಗೆಯ ತುಂಬ ನೀರು ಕುಡಿದು ಕೂತಿದ್ದ ಕೆಮ್ಮಣ್ಣು. ಪಕ್ಕದಲ್ಲಿ ಬಿಚ್ಚಿದ ಹಳೆಯ ಸೀರೆಯ ತುಂಡು. ಕನ್ನಮ್ಮ ಮೊಣಕೈತನಕ ಕೆಂಪಾಗಿ ನಿಂತಿದ್ದಳು, ಬೆರಳಲ್ಲಿ ಒಂದು ಬಿಳಿ ಚಿಂದಿ ನೇತಾಡುತ್ತಿತ್ತು. ವರ್ಷದಿಂದ ಕಟ್ಟಿಟ್ಟ ಮಣ್ಣು ಹೆಂಟೆಗಟ್ಟಿ ಕಲ್ಲಾಗಿತ್ತು. ಕರಗಲೆಂದು ಹುಡುಗಿ ಗಂಟನ್ನೇ ಸುರಿದು ಕೊಡಪಾನದ ನೀರು ಹೊಯ್ದುಬಿಟ್ಟಿದ್ದಳು. ಒಂದು ಚಿಟಿಕೆ ಸಾಕಿತ್ತು. ಮಕ್ಕಳಿಗೆ ಚಿಟಿಕೆ ಎಂಬ ಅಳತೆ ಎಲ್ಲಿ ಗೊತ್ತು?

"ಎಂತಕ್ಕೆ ಮುಟ್ಟಿದೆಯೇ ಅದನ್ನ? ಎಂತಕ್ಕೆ ಮುಟ್ಟಿದೆ?" ಶೇಷಮ್ಮನ ಕೈ ಮೇಲೆತ್ತಿದ್ದು ಹಾಗೇ ನಿಂತಿತ್ತು.

"ಅಕ್ಕೋರು ಹೋಗದಿರೋ ಬಣ್ಣ ತನ್ನಿ ಅಂದ್ರು" ಎಂದಳು ಕನ್ನಮ್ಮ ಬಿಕ್ಕುತ್ತ. "ನೀನೇ ಯಾವಾಗ್ಲೂ ಹೇಳ್ತಿದ್ಯಲ್ಲಾ ಅಜ್ಜಿ, ನಮ್ಮೂರ ಮಣ್ಣಿನ ಕಲೆ ಸಾಯೋ ತಂಕ ಹೋಗಾದಿಲ್ಲ ಅಂತ."

ಎತ್ತಿದ ಕೈ ಇಳಿಯಿತು. ಆದರೆ ಸಿಟ್ಟಿಗೆ ಒಂದು ಜಾಗ ಬೇಕಲ್ಲ, ನಾನು ಎದುರಿಗೇ ಸಿಕ್ಕಿದೆ.

"ಎಂತ ಪಾಠ ಅಕ್ಕೋರೆ ಇದು? ನನ್ನ ಹತ್ರ ಉಳಿದಿದ್ದು ಅದೊಂದು. ಅದನ್ನೂ ನಿಮ್ ಇಂಗ್ಲೀಷಿಗೆ ಕಲಸಿ ಹಾಕಿದ್ರಾ?"

"ಮಗು ನಿಮ್ಮ ಮಾತು ನಂಬಿ ತೆಗೆದಿದ್ದು. ಬೈಯೋದಿದ್ರೆ ನನಗೆ ಬೈರಿ, ಅವಳಿಗಲ್ಲ" ಎಂದೆ. ನನ್ನ ದನಿಯೂ ಏರಿತ್ತು. ನಾನೂ ಕಡಿಮೆಯವಳಲ್ಲ.

ಶೇಷಮ್ಮ ಬೈಯಲಿಲ್ಲ. ಮರಿಗೆಯ ಪಕ್ಕ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಗದ್ದೆಯಿಂದ ಬಂದ ಭೂತಪ್ಪ ಗುದ್ದಲಿ ಹೆಗಲ ಮೇಲಿಟ್ಟುಕೊಂಡೇ ನಿಂತ. ಬೇಲಿಯಾಚೆ ಗುತ್ಯಪ್ಪನ ಸೊಸೆಯೂ ಇನ್ನಿಬ್ಬರು ಹೆಂಗಸರೂ ಬಂದು ನಿಂತಿದ್ದರು. ಎಲ್ಲರಿಗೂ ಒಂದೇ ಮಾತು ನೆನಪಾಗಿತ್ತು, ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಗುಡ್ಡದ ತಲೆಯ ಮೇಲೆ ಸೂರ್ಯ ಒಂದು ಮಾರು ಎತ್ತರದಲ್ಲಿದ್ದ. ಮರಿಗೆಯ ಅಂಚಿನಲ್ಲಿ ಮಣ್ಣು ಆಗಲೇ ಒಣಗುತ್ತ ಬಣ್ಣ ತಿಳಿಯಾಗತೊಡಗಿತ್ತು. ಶೇಷಮ್ಮ ಆ ಅಂಚನ್ನೇ ನೋಡುತ್ತಿದ್ದಳು.

ಆಕೆಯ ಮುಖದಲ್ಲಿ ಆಗ ಕಂಡದ್ದನ್ನು ನಾನು ಮರೆತಿಲ್ಲ. ಹಟ ಎಂದು ನಾನು ಬೈದುಕೊಂಡಿದ್ದೆನಲ್ಲ, ಅದು ಹಟ ಆಗಿರಲಿಲ್ಲ. ಸತ್ತವಳನ್ನು ಬಿಟ್ಟು ಬಂದೆನೆಂಬ ಸಂಕಟ ಅದು. ಈ ಮಣ್ಣನ್ನು ಬುಟ್ಟಿಗೆ ಹಚ್ಚಿದರೆ ಬುಟ್ಟಿ ಗದ್ದೆಗೆ ಹೋಗಬೇಕು. ಗದ್ದೆಗೆ ಹೋದರೆ ಉಣ್ಣಿಸಿಯೇ ಬರಬೇಕು. ಹಚ್ಚದೆ ಬಿಟ್ಟರೆ, ತನ್ನೂರ ಭೂಮಿತಾಯಿಯ ಮುಂದಿನ ಎಲೆಯನ್ನು ತಾನೇ ಎಳೆದಂತೆ. ನಿನ್ನೆಯಷ್ಟೇ ಆಕೆ ಊರಿಗೆಲ್ಲ ಕೇಳುವಂತೆ ಹೇಳಿದ ಮಾತು.

ಒಂದು ಹನಿ ಕಣ್ಣೀರು ಮರಿಗೆಗೆ ಬಿತ್ತು. ಆಮೇಲೆ ಆಕೆಯ ಕೈ ತಾನಾಗಿ ಹೋಗಿ ಚೊಂಬಿನ ನೀರು ಚಿಮುಕಿಸಿ ಒಣಗುತ್ತಿದ್ದ ಅಂಚನ್ನು ಒಳಕ್ಕೆ ಎಳೆದುಕೊಂಡಿತು.

"ಭೂತಪ್ಪ, ಬುಟ್ಟಿ ಇಳ್ಸೋ."

ಭೂತಪ್ಪ ಗುದ್ದಲಿಯನ್ನು ಎಲ್ಲಿ ಎಸೆದನೋ ದೇವರಿಗೇ ಗೊತ್ತು. ಬುಟ್ಟಿ ಇಳಿಯಿತು. ಸೊಸೆ ಸಗಣಿ ತಂದಳು. ಶೇಷಮ್ಮ ಎರಡೂ ಅಂಗೈಯಲ್ಲಿ ಮಣ್ಣೆತ್ತಿ, ಎಳೆಗೂಸಿಗೆ ಎಣ್ಣೆ ಹಚ್ಚುವ ಹಾಗೆ ಬುಟ್ಟಿಯ ಮೈಗೆ ಹಚ್ಚುತ್ತ ಹೋದಳು. ಕಡುಗೆಂಪು. ನಮ್ಮ ಕಾಲೊನಿಯ ಹಿಂದಿನ ದಿಬ್ಬದ ಮಣ್ಣು ಅಷ್ಟು ಕೆಂಪಿರಲಿಲ್ಲ. ಕನ್ನಮ್ಮ ಮೂಗು ಒರೆಸಿಕೊಂಡು ಅಕ್ಕಿ ಅರೆಯಲು ಕೂತಳು. ಗುತ್ಯಪ್ಪನ ಸೊಸೆ ಕೇಳದೆಯೇ ತನ್ನ ಪುಂಡಿ ನಾರು ತಂದುಕೊಟ್ಟಳು. ನಾನು ಮನೆಗೆ ಹೊರಟಾಗ ಶೇಷಮ್ಮ ತಲೆ ಎತ್ತದೆಯೇ ಅಂದಳು.

"ಅಕ್ಕೋರೆ, ಬೆಳಿಗ್ಗೆ ಗದ್ದೆಗೆ ಬನ್ನಿ. ಪಾಠ ಹೇಳಾಕೆ ಬಂದವರು ಉಣ್ಣಾಕೂ ಬರಬೇಕು."

ನಸುಕಿನಲ್ಲಿ ಹೋದೆ. ಕಾಲೊನಿಯ ಗಂಡಸರು ಗದ್ದೆಯ ಸುತ್ತ ಸೊಪ್ಪಿನ ಪಲ್ಯ ಚೆಲ್ಲುತ್ತ ಭೂಮಿತಾಯಿಯನ್ನು ಕೂಗುತ್ತಿದ್ದರು. ಮಂಜಿನಲ್ಲಿ ಆ ಕೂಗು ಒಂದು ಗದ್ದೆಯಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಭೂತಪ್ಪ ಬುಟ್ಟಿ ಹೊತ್ತು ಮುಂದೆ, ಶೇಷಮ್ಮ ಅವನ ಹಿಂದೆ, ನಾವೆಲ್ಲ ಅದರ ಹಿಂದೆ. ಬುಟ್ಟಿಯ ಮೇಲೆ ಚಿತ್ತಾರ ಬೆಳ್ಳಗೆ ಎದ್ದು ಕಾಣುತ್ತಿತ್ತು.

ಪೈರು ತೆಳ್ಳಗಿತ್ತು, ಸುಳ್ಳು ಹೇಳಬಾರದು. ಕಾಡು ಕಡಿದ ಹೊಸ ಗದ್ದೆಯಲ್ಲಿ ಮೊದಲ ವರ್ಷ ಇನ್ನೆಷ್ಟು ಬಂದೀತು? ಶೇಷಮ್ಮ ಬದುವಿನ ಮೇಲೆ ನಿಂತು ಸುಮಾರು ಹೊತ್ತು ನೋಡಿದಳು. ಈ ಗದ್ದೆಗೆ ಆಕೆ ಅಲ್ಲಿಯವರೆಗೆ ಕಾಲಿಟ್ಟಿರಲಿಲ್ಲ ಎಂಬುದು ನನಗೆ ಆಗ ತಿಳಿಯಿತು. ಆಮೇಲೆ ಇಳಿದಳು. ಒಂದು ಬುಡವನ್ನು ಹಿಡಿದು, ಹೊಡೆ ಉಬ್ಬಿದ ಜಾಗವನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿದಳು. ಹೆರಿಗೆ ಮಾಡಿಸುವ ಹೆಂಗಸರು ಬಸುರಿಯ ಹೊಟ್ಟೆ ಮುಟ್ಟಿ ನೋಡುವುದು ಹಾಗೇ.

"ತುಂಬೈತೆ" ಎಂದಳು. "ಪಾಪ, ಒಣಕಲು ಮೈ. ಆದ್ರೂ ತುಂಬೈತೆ."

ಸೊಸೆಯ ಕರಿಮಣಿ ಸರ ಬಿಚ್ಚಿಸಿ ಆ ಬುಡಕ್ಕೆ ಹಾಕಿದಳು. ಅರಿಶಿನ, ಕುಂಕುಮ, ಹೂವು ಏರಿಸಿದಳು. ಎಲೆ ಹಾಕಿ, ಬುಟ್ಟಿಯಿಂದ ಒಂದೊಂದೇ ತೆಗೆದು ಬಡಿಸಿದಳು. ಕಡುಬೊಂದನ್ನು ತೆಗೆದು, ಗುಣಿ ತೋಡಿ, ಹೂಳುವ ಮೊದಲು ಅಂಗೈಯಲ್ಲೇ ಇಟ್ಟುಕೊಂಡು ಕೂತಳು. ಅದನ್ನು ಕೊಯ್ಲಿನ ದಿನ ತೆಗೆಯುವುದು ಅವರ ಮನೆಯ ರೂಢಿ. ಆಗ ಆಕೆ ಭೂಮಿಯ ಹತ್ತಿರ ಮಾತಾಡಿದಳು. ನಮಗಲ್ಲ, ಭೂಮಿಗೆ.

"ನೋಡು ತಾಯಿ, ನಿಂಗೆ ಅಂತ ಬಂದಿದ್ದಲ್ಲ ನಾನು. ಅಲ್ಲೊಬ್ಬಳು ಇದ್ಲು. ನನ್ ಅತ್ತೆ ಉಣ್ಸಿದ್ಲು ಅವಳಿಗೆ, ನಾನು ಉಣ್ಸಿದೆ. ನೀರಾಗೆ ಹೋದ್ಲು. ಅವಳು ಉಪಾಸ ಅದಾಳಲ್ಲ ಅಂತ ಹೋದ ವರ್ಷ ನಾನೂ ಉಪಾಸ ಇದ್ದೆ. ನಿನ್ನ ತಪ್ಪೇನೈತೆ ಅದ್ರಾಗೆ? ಉಣ್ಣು. ಅವಳ ಪಾಲೂ ನೀನೇ ಉಣ್ಣು."

ಕಡುಬು ಹೂತು ಮಣ್ಣೆಳೆದಳು. ಭೂತಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ನಾನು ಅತ್ತೆ, ನಾಚಿಕೆಯಿಲ್ಲದೆ ಅತ್ತೆ. ಸೊಸೆ ಮರಿಗೆ ತೊಳೆದ ಕೆಂಪು ನೀರನ್ನು ಚೆಲ್ಲಬಾರದೆಂದು ತಂಬಿಗೆಯಲ್ಲಿ ತಂದಿದ್ದಳು. ಶೇಷಮ್ಮ ಅದನ್ನೂ ಇಸಿದುಕೊಂಡು ಗದ್ದೆಗೆ ಹೊಯ್ದಳು. ನೀರು ಇಂಗುವವರೆಗೆ ನೋಡಿದಳು. ಆಮೇಲೆ ಎದ್ದು, ಸೆರಗು ಕೊಡವಿಕೊಂಡು, ಮೊದಲಿನ ಜೋರು ಶೇಷಮ್ಮನಾಗಿ ಮಗನ ಕಡೆ ತಿರುಗಿದಳು.

"ಇಲ್ಲಿ ಇವ್ರೆಲ್ಲ ಕೆಮ್ಮಣ್ಣು ಎಲ್ಲಿಂದ ತರ್ತಾರೋ?"

"ಹಿಂದಿನ ದಿಬ್ಬದಿಂದ ಅವ್ವ."

"ಅದು ಸಪ್ಪೆ ಬಣ್ಣ. ಒಳಗೆ ಅಗೆದ್ರೆ ಒಳ್ಳೇದು ಸಿಕ್ಕೀತು. ಬರೋ ವರ್ಷಕ್ಕೆ ಈಗ್ಲೇ ಅಗೆದಿಡು."

ಅಷ್ಟೇ. ಬ್ಯಾಕೋಡಿನ ಮಾತು ಆಮೇಲೆ ಆ ಮನೆಯಲ್ಲಿ ಯಾರೂ ಎತ್ತಲಿಲ್ಲ. ನಾವೆಲ್ಲ ಬದುವಿನ ಮೇಲೆ ಸಾಲಾಗಿ ಕೂತು ಉಂಡೆವು. ಅಂಥ ಸೊಪ್ಪಿನ ರುಚಿ ಮತ್ತೆ ಯಾರ ಮನೆಯಲ್ಲೂ ನನಗೆ ಸಿಗಲಿಲ್ಲ. ಅಥವಾ ಆಗಿನ ಹಸಿವು ಈಗಿಲ್ಲವೋ ಏನೋ.

ಮಾರನೆಯ ದಿನ ಬಾವಿಕಟ್ಟೆಯಲ್ಲಿ ಪರೀಕ್ಷೆ ನಡೆಯಿತು. ಒಬ್ಬ ಅಡಿಕೆ ಬೇಯಿಸಿದ ಚೊಗರು ಹಚ್ಚಿಕೊಂಡು ಬಂದಿದ್ದ, ಇನ್ನೊಬ್ಬ ಅರಿಶಿನ. ಜಟ್ಟಿಂಗಪ್ಪನದು ಬಾಳೆದಿಂಡಿನ ರಸ. ಅದರ ಕಲೆ ಬಟ್ಟೆ ಹರಿದರೂ ಹೋಗಲಿಲ್ಲ, ಅವನು ಗೆದ್ದು ಬೀಗಿದ. ಕೊನೆಗೆ ಕನ್ನಮ್ಮ ತನ್ನ ಕೆಂಪು ಚಿಂದಿ ಕೊಟ್ಟಳು. ನಾನು ನೀರಿಗೆ ಅದ್ದಿದೆ. ಅದ್ದಿದ್ದೇ ತಡ ಮಣ್ಣು ಬಿಟ್ಟುಕೊಂಡು ಬಕೆಟ್ಟಿನ ನೀರೆಲ್ಲ ಕೆಂಪಾಯಿತು. ಇನ್ನೊಂದು ಸಲ ಹಿಂಡಿದೆ. ಚಿಂದಿ ಬೆಳ್ಳಗಾಗಿ ಕೈಗೆ ಬಂತು. ಮಕ್ಕಳು ಹೋ ಎಂದು ನಕ್ಕವು. ಈ ಮಗುವಿಗೆ, ಅದರ ಅಜ್ಜಿಗೆ, ಏನೆಂದು ಹೇಳುವುದು?

ಕನ್ನಮ್ಮ ಬಕೆಟ್ಟಿಗೆ ಬಗ್ಗಿ ನೋಡಿದಳು. ಅಳಲಿಲ್ಲ. ಆ ಚಿಂದಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಕೊಡವಿ, ಬಿಸಿಲಿಗೆ ಹರವಿದಳು.

"ಬಣ್ಣ ಹೋಯ್ತು ಅಕ್ಕೋರೆ" ಎಂದಳು. "ನಾವು ಹೋಗಾದಿಲ್ಲ."

ನಾನು ಅವಳಿಗೆ ಹತ್ತಕ್ಕೆ ಹತ್ತು ಕೊಟ್ಟೆ. ಜಟ್ಟಿಂಗಪ್ಪ ಅನ್ಯಾಯ ಎಂದು ಮಧ್ಯಾಹ್ನದವರೆಗೂ ಗೊಣಗಿದ.